ಕಾಳಗದಲ್ಲಿ ಕೂತವರು

ಬಯಸ್ಕೋಪಿನವರು ಮಳಖೇಡಕ್ಕೆ ಬಂದ ಬೇಸಗೆಯಲ್ಲಿ ಕಲ್ಯಾಣಪ್ಪನಿಗೆ ಹಗಲುಗನಸು ಹೆಚ್ಚಾಗಿದ್ದವು. ರಾಶಿ ಮುಗಿದಿತ್ತು, ಜೋಳ ಹಗೇವು ಸೇರಿತ್ತು, ಹೊಲದಲ್ಲಿ ಕೈಗೆ ಕೆಲಸವಿರಲಿಲ್ಲ. ಮಧ್ಯಾಹ್ನ ಉಂಡು ಬೇವಿನ ನೆರಳಿಗೆ ಕಂಬಳಿ ಹಾಸಿ ಮೈ ಚೆಲ್ಲಿದರೆ ಸಾಕು, ಕಣ್ಣು ಮುಚ್ಚಲೂ ಪುರುಸೊತ್ತು ಕೊಡದೆ ಮಗ ಅಂಬರಾಯ ಬಂದು ನಿಲ್ಲುತ್ತಿದ್ದ. ಬಂದವನು ಮಾತಾಡುತ್ತಿರಲಿಲ್ಲ. ಜಾಗ ಹುಡುಕುವವನಂತೆ ಅತ್ತ ಇತ್ತ ನೋಡುತ್ತಿದ್ದ. "ಕುಂದ್ರೋ ಯಪ್ಪಾ" ಎಂದು ಇವನು ಬಾಯಿ ತೆರೆಯುವಷ್ಟರಲ್ಲಿ ಎಚ್ಚರವಾಗಿ ಮೇಲೆ ಬೇವಿನ ಎಲೆಗಳು ಮಾತ್ರ ಅಲ್ಲಾಡುತ್ತಿರುತ್ತಿದ್ದವು.

ಅಂಬರಾಯ ಜರ್ಮನ್ ಲಡಾಯಿಯ ಕಾಲದಲ್ಲಿ ಸಿಕಂದರಾಬಾದಿನ ಛಾವಣಿಗೆ ಹೋಗಿ ಹೇಸರಗತ್ತೆಗಳ, ಪಲ್ಟನ್ನಿನವರ ಬಾಯಲ್ಲಿ ಖಚ್ಚರಗಳ, ಪಲ್ಟನ್ನಿಗೆ ಸೇರಿದವನು. ಎತ್ತು, ಕುದುರೆ, ಒದೆಯುವ ಎಮ್ಮೆ, ಎಲ್ಲವೂ ಅವನ ಮಾತು ಕೇಳುತ್ತಿದ್ದವು. ಅವನೊಬ್ಬ ಅಪ್ಪನ ಮಾತು ಕೇಳಲಿಲ್ಲ. ಹಡಗು ಹತ್ತಿ ಬಸ್ರಾಕ್ಕೆ ಹೋದ. ಅಲ್ಲಿಂದ ಬಂದದ್ದು ಅವನು ತೀರಿಕೊಂಡ ಸುದ್ದಿ. ಅವನ ಜೊತೆಗೇ ಹೋಗಿದ್ದ ಚಿತ್ತಾಪುರದ ಗುಲಾಮ ದಸ್ತಗೀರ ಜೀವಂತ ತಿರುಗಿ ಬಂದು, ಈಗ ಮಳಖೇಡದ ಸ್ಟೇಷನ್ನಿಗೂ ಊರಿಗೂ ನಡುವೆ ಟಾಂಗಾ ಹೊಡೆಯುತ್ತಿದ್ದ. ಮಣ್ಣು ಮಾಡಿದವರಲ್ಲಿ ತಾನೂ ಇದ್ದೆ ಎಂದು ಅವನು ಬಂದ ದಿನವೇ ಹೇಳಿದ್ದ. ಹೇಗೆ ಮಣ್ಣು ಮಾಡಿದಿರಿ ಎಂದು ಕಲ್ಯಾಣಪ್ಪ ಕೇಳಿರಲಿಲ್ಲ.

ಲಿಂಗವಂತರು ಸತ್ತವರನ್ನು ಮಲಗಿಸುವವರಲ್ಲ. ಕುಣಿಯೊಳಗೆ ಗೂಡು ತೆಗೆದು, ಅಂಗೈಯಲ್ಲಿ ಲಿಂಗ ಇಟ್ಟು, ಹಣೆಗೆ ವಿಭೂತಿ ಬಳಿದು, ಚಕ್ಕಳ ಮಕ್ಕಳ ಹಾಕಿಸಿ ಕೂರಿಸುತ್ತಾರೆ. ಕಲ್ಯಾಣಪ್ಪನ ಅಪ್ಪ, ಅಜ್ಜ, ಅಜ್ಜನ ಅಪ್ಪ ಎಲ್ಲರೂ ಹೊಲದ ಬದುವಿನಲ್ಲಿ ಹಾಗೇ ಕೂತಿದ್ದರು. ಬಿತ್ತಿದ್ದು, ಬೆಳೆದದ್ದು, ಹೊಸ ಎತ್ತು ತಂದದ್ದು ಎಲ್ಲವನ್ನೂ ಅವರು ಕೂತಲ್ಲಿಂದ ನೋಡುತ್ತಿದ್ದಾರೆಂದೇ ಅವನು ನಂಬಿದ್ದ. ಬೆಳೆ ಕೆಟ್ಟ ವರ್ಷ ಅವರ ಕಡೆ ಮುಖ ಎತ್ತಿ ನೋಡಲು ಅವನಿಗೆ ನಾಚಿಕೆಯಾಗುತ್ತಿತ್ತು. ಅವರ ಪಕ್ಕದ ಜಾಗ ಖಾಲಿ ಇತ್ತು, ಅಲ್ಲಿ ಅವನು ಏನನ್ನೂ ಬಿತ್ತುತ್ತಿರಲಿಲ್ಲ.

ಹೆಂಡತಿ ಭಾಗಮ್ಮನದು ಒಂದೇ ಮಾತು. "ಕುಂದ್ರಿಸ್ಯಾರೋ ಇಲ್ಲೋ, ಅಷ್ಟರೇ ಕೇಳ್ರಿ ಅವಗ."

"ಕೇಳ್ತೀನಿ ತಗೋ."

ಕೇಳಲೆಂದೇ ಹೋಗುತ್ತಿದ್ದ. ಟಾಂಗಾ ಹತ್ತಿ ದಸ್ತಗೀರನ ಪಕ್ಕ ಕೂತು ಮಳೆಯ ಮಾತಾಡುತ್ತಿದ್ದ, ಕುದುರೆಯ ಕಾಲಿನ ಬಾವು ವಿಚಾರಿಸುತ್ತಿದ್ದ, ಸೇಡಂ ಸಂತೆಯ ಸುದ್ದಿ ಕೇಳಿ ನಗುತ್ತಿದ್ದ, ಇಳಿದು ಮನೆಗೆ ಬರುತ್ತಿದ್ದ. ಅಂಜಿಕೆ, ಬೇರೇನಲ್ಲ. ಕೂರಿಸಿದೆವು ಎಂದರೆ ಸರಿ. ಮಲಗಿಸಿದೆವು ಎಂದರೆ? ಆ ಮಾತನ್ನು ಹೊತ್ತುಕೊಂಡು ಹೊಸ್ತಿಲು ದಾಟಿ ಭಾಗಮ್ಮನ ಎದುರು ನಿಲ್ಲುವುದು ಹೇಗೆ? ಹೀಗೆ ಬೇಸಗೆಯ ಮೇಲೆ ಬೇಸಗೆ ಕಳೆದುಹೋಗಿದ್ದವು.

ಅಂಥ ಹೊತ್ತಿನಲ್ಲಿ ಮುಂಬಯಿಯ ಬಯಸ್ಕೋಪ್ ಕಂಪನಿ ವಾಡಿಯಲ್ಲಿ ಗಾಡಿ ಬದಲಿಸಿ ಪೆಟ್ಟಿಗೆಗಳ ರಾಶಿಯೊಂದಿಗೆ ಊರಲ್ಲಿ ಇಳಿಯಿತು. ಸಾವಿರ ವರ್ಷದ ಹಿಂದೆ ಮಳಖೇಡ ದೊಡ್ಡ ರಾಜಧಾನಿಯಾಗಿತ್ತಲ್ಲ, ಉತ್ತರದ ದಂಡು ಬಂದು ಅದನ್ನು ಸುಟ್ಟ ಕಥೆ ತೆಗೆಯುತ್ತಾರಂತೆ, ಮೂಕ ಚಿತ್ರವಂತೆ. ಕಂಪನಿಯ ಸಾಹೇಬರ ಹೆಸರು ಪಾಂಡುರಂಗರಾಯ, ಪುಣೆಯ ಕಡೆಯವರು, ತಲೆಗೆ ಟೊಪ್ಪಿಗೆ, ಕೈಯಲ್ಲಿ ತಗಡಿನ ತುತ್ತೂರಿ. ಮಾತು ಮರಾಠಿ. ಅದನ್ನು ಕನ್ನಡಕ್ಕೆ ತಿರುಗಿಸಿ ಹೇಳುವ ಕೆಲಸ ಊರ ಶಾಲೆಯ ಪ್ರಾಣೇಶ ಮಾಸ್ತರರ ಪಾಲಿಗೆ ಬಂತು. ರಾಯರು ಬೈದದ್ದನ್ನು ಬೈಗುಳ ಸೋಸಿ, ಬರೀ ತಿಳಿ ಮಾತ್ರ ಹೇಳುತ್ತಿದ್ದರು ಮಾಸ್ತರರು.

ಕಾಗಿಣಾ ಹೊಳೆಯ ದಂಡೆಯ ಹಳೆಯ ಕೋಟೆ ಚಿತ್ರದೊಳಗಿನ ರಾಜಧಾನಿಯಾಯಿತು. ಊರ ಗಂಡಸರೆಲ್ಲ ದಂಡಾದರು. ಕಲ್ಯಾಣಪ್ಪನ ಎತ್ತರ, ಮೀಸೆ, ಬೆಳ್ಳಗಾದ ಗಡ್ಡ ನೋಡಿದ ರಾಯರು ಅವನನ್ನು ಮುದಿ ಸೇನಾಪತಿ ಮಾಡಿದರು. ಕೋಟೆಯ ಬಾಗಿಲಲ್ಲಿ ಎಲ್ಲರೂ ಸತ್ತ ಮೇಲೆ ಕೊನೆಗೆ ಸಾಯುವವನು ಅವನೇ. ಒಲ್ಲೆ ಎನ್ನಬೇಕೆಂದಿದ್ದ. ಆದರೆ ಶತ್ರುಗಳ ಕುದುರೆಸವಾರರಲ್ಲಿ ದಸ್ತಗೀರನೂ ಇದ್ದ. ದಿನವೂ ಒಂದೇ ಬಯಲಲ್ಲಿ, ಒಂದೇ ದೂಳಿನಲ್ಲಿ ಇದ್ದರೆ ಎಂದಾದರೂ ಬಾಯಿ ಬಿಟ್ಟೀತು ಎಂದುಕೊಂಡು ಹೂಂ ಅಂದ.

ಪ್ರಾಣೇಶ ಮಾಸ್ತರರಿಗೆ ಇದೊಂದು ಕನಸು ಕೈಗೂಡಿದ ಹಾಗೆ. ಕೋಟೆಯ ಬಾಗಿಲ ಮಗ್ಗುಲಲ್ಲಿ ಅರ್ಧ ಹೂತುಹೋದ ಒಂದು ವೀರಗಲ್ಲಿತ್ತು. ಅದನ್ನು ನೋಡುತ್ತ ನೋಡುತ್ತ ಆ ಕಾಲದ ಕಾಳಗವನ್ನು ಒಮ್ಮೆ ಕಣ್ಣಾರೆ ಕಾಣಬೇಕೆಂದು ಹಂಬಲಿಸಿದವರು ಅವರು. ಈಗ ಪೆಟ್ಟಿಗೆ ಬಿಚ್ಚಿದಂತೆಲ್ಲ ಅವರ ಮುಖ ಸಣ್ಣದಾಯಿತು. ಬಂಗಾರದ ಬಣ್ಣ ಬಳಿದ ತಗಡಿನ ಕತ್ತಿ, ಪುಣೆಯ ಪಗಡಿ, ಮಿಣಮಿಣ ಮಿಂಚುವ ಜೋಡು, ಕೊನೆಗೆ ಕಟ್ಟಿಗೆಯ ತೋಪು.

"ಆ ಕಾಲದಾಗ ತೋಪೇ ಇರಲಿಲ್ರಿ ಸಾಹೇಬ್ರ!" ಎಂದು ಮಾಸ್ತರರು ಅಳುಮೋರೆ ಮಾಡಿದರು. ಆಮೇಲೆ ಅದನ್ನೇ ಮರಾಠಿಯಲ್ಲಿ ಹೇಳಿದರು.

ತೋಪು ಇಲ್ಲದಿದ್ದರೆ ಹೊಗೆ ಎಲ್ಲಿಂದ ಬರಬೇಕು ಎಂದು ರಾಯರು ತಿರುಗಿ ಕೇಳಿದರು. ಹೊಗೆ ಯಾಕೆ ಬೇಕು ಎಂದು ಇವರು, ಹೊಗೆ ಇಲ್ಲದ ಯುದ್ಧ ಯಾರು ನೋಡುತ್ತಾರೆ ಎಂದು ಅವರು. ಒಂದು ಇಡೀ ಮುಂಜಾನೆ ಇದೇ ಆಯಿತು. ಕೊನೆಗೆ ತೋಪು ಉಳಿಯಿತು, ಪಗಡಿ ಹೋಯಿತು. ಕತ್ತಿ ಹಿಡಿಯುವ ರೀತಿ, ಹೊಡೆಯುವ ರೀತಿ, ಬೀಳುವ ರೀತಿಯೆಲ್ಲ ಮಾಸ್ತರರು ಹೇಳಿದ ಹಾಗೆ ಎಂದು ರಾಯರು ಕೈ ಮುಗಿದು ಒಪ್ಪಿಕೊಂಡರು.

ಮಾಸ್ತರರು ವೀರಗಲ್ಲಿನ ಬುಡದ ಮಣ್ಣು ತೆಗೆಸಿ ದಂಡನ್ನೆಲ್ಲ ಅದರ ಮುಂದೆ ಕರೆತಂದು ನಿಲ್ಲಿಸಿದರು. ಕಲ್ಲಿನಲ್ಲಿ ಒಂದರ ಮೇಲೊಂದು ಮೂರು ಅಂಕಣ. ಕೆಳಗಿನದರಲ್ಲಿ ವೀರ ಕತ್ತಿ ಢಾಲು ಹಿಡಿದು ಹೊಡೆದಾಡುತ್ತಿದ್ದ. ನಡುವಿನದರಲ್ಲಿ ದೇವಕನ್ನೆಯರು ಅವನನ್ನು ತೋಳು ಹಿಡಿದು ಒಯ್ಯುತ್ತಿದ್ದರು. ಮೇಲಿನದರಲ್ಲಿ ಅವನು ಲಿಂಗದ ಎದುರು ಕಾಲು ಮಡಚಿ ಕೈ ಜೋಡಿಸಿ ಕೂತಿದ್ದ.

"ನೋಡ್ರಪಾ," ಎಂದರು ಮಾಸ್ತರರು, "ಈ ಕಲ್ಲು ಕಡದವ ಕಾಳಗ ಖುದ್ದು ಕಂಡಾನ. ಇದರಾಗ ಹ್ಯಾಂಗದ ಹಾಂಗೇ ಮಾಡ್ರಿ. ಒಂದು ಕೂದಲೆಳಿ ಫರಕ್ ಆಗಬಾರದು."

ಎಲ್ಲರೂ ಕೆಳಗಿನ ಅಂಕಣ ನೋಡಿ ಕೈ ತಿರುವುವುದನ್ನು ಕಲಿತರು. ಕಲ್ಯಾಣಪ್ಪನ ಕಣ್ಣು ಮೇಲಿನದಕ್ಕೇ ಹತ್ತಿತ್ತು. ಹೊರಗೆ ಬಿಸಿಲು ಭಣಗುಟ್ಟುತ್ತಿತ್ತು, ಬಾಗಿಲ ನೆರಳಿನಲ್ಲಿ ಕಲ್ಲು ಮಾತ್ರ ಬೆವತಂತೆ ತಣ್ಣಗಿತ್ತು. ಕೂತವನ ಮುಖ ಸವೆದು ಕಣ್ಣು ಮೂಗು ಒಂದೂ ಉಳಿದಿರಲಿಲ್ಲ. ಆದರೂ ಸುಖವಾಗಿ ಕೂತಿದ್ದ. ಯಾವನೋ ಒಬ್ಬ ಪುಣ್ಯಾತ್ಮ ಇವನನ್ನು ಎತ್ತಿ ಕೂರಿಸಿದ್ದಾನೆ. ಕಲ್ಯಾಣಪ್ಪನಿಗೆ ಆ ಕಲ್ಲಿನ ಮನುಷ್ಯನ ಮೇಲೆ ಹೊಟ್ಟೆಕಿಚ್ಚಾಯಿತು.

ಕಾಳಗದ ದಿನ ಬಂತು. ಕ್ಯಾಮರಾದ ಹಿಡಿಕೆ ತಿರುವುವವನು ಅಂಗಿಯ ತೋಳು ಮಡಚಿಕೊಂಡು ತಯಾರಾದ. ಬೆಳ್ಳಿ ಕಾಗದ ಅಂಟಿಸಿದ ಹಲಗೆಗಳು ಬಿಸಿಲನ್ನು ತಿರುಗಿಸಿ ಕೋಟೆಯ ಗೋಡೆಗೆ ಎರಚಿದವು. ಗೋಡೆ ನಿಂತಲ್ಲೇ ತೇಲುತ್ತಿದ್ದಂತೆ ಕಂಡಿತು. ರಾಯರು ತುತ್ತೂರಿ ಊದಿದ್ದೇ ತಡ, ಎರಡು ದಂಡು ಒಂದರೊಳಗೊಂದು ನುಗ್ಗಿದವು. ದೂಳು ಎದ್ದಿತು. ಬಾಯಲ್ಲಿ ಏನು ಮಾತಾಡಿದರೂ ನಡೆಯುತ್ತಿದ್ದುದರಿಂದ ಜನ ಕತ್ತಿ ಬೀಸುತ್ತ ಮನೆಯ ಸುದ್ದಿ ಮಾತಾಡಿಕೊಂಡರು. ಒಬ್ಬ ತನ್ನ ಬೀಗನ ಎದೆಗೆ ಈಟಿ ಚುಚ್ಚುತ್ತ, ಮಗಳನ್ನು ಯಾವಾಗ ಕಳಿಸುತ್ತೀರಿ ಎಂದು ಕೇಳಿದ. ಬೀಗ ಸಾಯುತ್ತ, ಅಮಾಸಿ ಆಗಲಿ ತಡೀರಿ ಎಂದ.

"ಸಾಯ್ರಿ! ಎಲ್ಲಾರೂ ಸಾಯ್ರಿ!" ಎಂದು ಮಾಸ್ತರರು ಕೂಗಿದರು.

ಎಲ್ಲರೂ ಧೊಪ್ಪನೆ ಬಿದ್ದರು. ಕಲ್ಯಾಣಪ್ಪನೂ ಬಾಗಿಲ ಬಳಿ ಮೊಣಕಾಲೂರಿ, ಕೈಯೂರಿ, ಬಿದ್ದ. ಬಿದ್ದವನಿಗೆ ಮಲಗಲು ಆಗಲಿಲ್ಲ. ಬೆನ್ನು ನೆಲಕ್ಕೆ ತಾಕುವ ಮೊದಲೇ ಮೈ ತಾನಾಗಿ ಎದ್ದಿತು, ಕಾಲು ತಾನಾಗಿ ಮಡಚಿತು. ಕಣ್ಣು ಮುಚ್ಚಿ ಎದೆಯ ಹತ್ತಿರ ಕೈ ಜೋಡಿಸಿ ಕೂತುಬಿಟ್ಟ. ಅವನನ್ನು ನೋಡಿ ಪಕ್ಕದವನು ಎದ್ದು ಕೂತ. ಕಲ್ಲಿನಲ್ಲಿ ಇದ್ದದ್ದೇ ಹೀಗಲ್ಲವೇ, ಮಾಸ್ತರರು ಹೇಳಿದ್ದೇ ಹೀಗಲ್ಲವೇ ಎಂದು ಅವನ ಆಚೆಯವನೂ ಕೂತ. ದೂಳು ಮೆಲ್ಲಗೆ ಇಳಿಯುತ್ತ ಬಂದಂತೆ ಬಯಲ ತುಂಬ ಸತ್ತವರು ಸಾಲುಸಾಲಾಗಿ, ಚಕ್ಕಳ ಮಕ್ಕಳ ಹಾಕಿಕೊಂಡು, ಶಾಂತವಾಗಿ ಕೂತಿದ್ದು ಕಂಡಿತು. ಗೆದ್ದ ದಂಡಿನವರು ಏನು ಮಾಡಬೇಕೆಂದು ತಿಳಿಯದೆ ಕುದುರೆಗಳ ಮೇಲೆ ಬಾಯಿ ತೆರೆದುಕೊಂಡು ನಿಂತರು. ಕುದುರೆಗಳೂ ಸುಮ್ಮನಾದವು. ಕಾಗಿಣಾದ ನೀರಿನ ಸಪ್ಪಳ ಕೇಳಿಸಿತು.

ರಾಯರು ಟೊಪ್ಪಿಗೆ ತೆಗೆದು ನೆಲಕ್ಕೆ ಬಡಿದರು. ಅವರ ಮಾತಿನಲ್ಲಿ ಸೋಸಿದರೂ ತಿಳಿ ಸಿಗದಷ್ಟು ಬೈಗುಳವಿತ್ತು. ಮಾಸ್ತರರು "ಭಜನಿಗೆ ಕುಂತೀರೇನು ಅಂತ ಕೇಳ್ಲಿಕತ್ತಾರ" ಎಂದಷ್ಟೇ ಹೇಳಿದರು. ಕಲ್ಲಿನಲ್ಲಿ ವೀರನನ್ನು ಕೊನೆಗೆ ಕೂರಿಸಿದ್ದಾರೆ, ಇವರು ಕೂತಿದ್ದಾರೆ, ತಪ್ಪು ಎಲ್ಲಿ ಎಂದು ಅವರಿಗೂ ಹೊಳೆಯಲಿಲ್ಲ.

"ಸತ್ತವ ಕುಂದ್ರಲ್ಲ, ಬೀಳ್ತಾನ. ಗೌಡ್ರ, ನೀವು ಮಲಗಬೇಕಂತ," ಎಂದರು ಕಲ್ಯಾಣಪ್ಪನಿಗೆ.

"ನಾ ಮಲಗಂಗಿಲ್ರಿ ಮಾಸ್ತರ್ರ. ನಮ್ಮಾಗ ಸತ್ತವ್ರು ಮಲಗಂಗಿಲ್ಲ."

"ಇದು ಬರೀ ಆಟ ಅಲ್ಲೇನ್ರೀ..."

"ಆಟ ಆದ್ರೂ ಅಷ್ಟೇ."

ರಾಯರಿಗೆ ಆಗ ಯಾರೋ ಹೇಳಿದರು, ಇಲ್ಲಿ ನಿಜವಾದ ಯುದ್ಧ ಕಂಡವನೊಬ್ಬನಿದ್ದಾನೆ ಎಂದು. ಅವರು ದಸ್ತಗೀರನನ್ನು ಕುದುರೆಯಿಂದ ಇಳಿಸಿ ಎಲ್ಲರ ನಡುವೆ ನಿಲ್ಲಿಸಿ ಉರ್ದುವಿನಲ್ಲಿ ಕೇಳಿದರು. ನೀನು ಕಂಡಿದ್ದೀಯಲ್ಲ, ಹೇಳು, ಸತ್ತವರು ಹೇಗಿರುತ್ತಾರೆ?

ಕಲ್ಯಾಣಪ್ಪ ಕೂತಲ್ಲಿಂದಲೇ ದಸ್ತಗೀರನ ಮುಖ ನೋಡಿದ. ದಸ್ತಗೀರ ಇವನನ್ನು ನೋಡಿದ, ನೋಡಿ ಕಣ್ಣು ಕೆಳಗೆ ಹಾಕಿದ.

"ಹುಜೂರ್, ನನಗ ಖಚ್ಚರದ ಬಗ್ಗಿ ಕೇಳ್ರಿ, ಹೇಳ್ತೀನಿ," ಎಂದ. "ಇದರ ಬಗ್ಗಿ ಬ್ಯಾಡ್ರಿ."

ಊಟಕ್ಕೆ ಬಿಟ್ಟರು. ಭಾಗಮ್ಮ ಬುತ್ತಿ ತಂದಿದ್ದಳು. ರೊಟ್ಟಿಯ ಮೇಲೆ ಪುಂಡಿಪಲ್ಲೆ ಹಾಕಿ ಕೊಟ್ಟು, ಗಂಡ ಮುರಿದದ್ದನ್ನು ಬಾಯಿಗಿಡದೆ ಕೂತಿರುವುದನ್ನು ನೋಡಿದಳು. ಕೋಟೆಯ ಗೋಡೆ ಹತ್ತಿ ಕಾಳಗ ನೋಡುತ್ತಿದ್ದ ಹೆಂಗಸರಿಂದ ಮುಂಜಾನೆಯ ಸಂಗತಿಯೆಲ್ಲ ಅವಳ ಕಿವಿಗೆ ಬಿದ್ದಿತ್ತು.

"ದಸ್ತಗೀರ ಅಲ್ಲೇ ಟಾಂಗಾದ ನೆಳ್ಳಿಗೆ ಕುಂತಾನ ನೋಡ್ರಿ," ಎಂದಳು. ಸಿಟ್ಟಿರಲಿಲ್ಲ ದನಿಯಲ್ಲಿ. ಬುತ್ತಿಯ ಅರಿವೆ ಮಡಚಿಕೊಂಡು ಹೆಂಗಸರ ಜೊತೆ ಗೋಡೆ ಹತ್ತಿಹೋದಳು.

ಕಲ್ಯಾಣಪ್ಪ ಎದ್ದ. ಸೇನಾಪತಿಯ ಕಾಗದದ ಕಿರೀಟ ಕೈಯಲ್ಲೇ ಇತ್ತು. ಟಾಂಗಾದ ನೆರಳಿಗೆ ಹೋಗಿ ದಸ್ತಗೀರನ ಎದುರು ಕೂತ. ಕುದುರೆ ಬಾಲ ಬೀಸುತ್ತಿತ್ತು. ಬಿಸಿಲಿಗೆ ದೂರದ ಹೊಲಗಳು ನೀರಿನಂತೆ ನಡುಗುತ್ತಿದ್ದವು. ಎಲ್ಲಿ ಮಳಖೇಡ ಮುಗಿದು ಎಲ್ಲಿ ಬಸ್ರಾ ಶುರುವಾಗುತ್ತದೆಂದು ಆ ಹೊತ್ತಿನಲ್ಲಿ ಹೇಳಲಾಗುತ್ತಿರಲಿಲ್ಲ.

"ಹೇಳ್ ತಮ್ಮಾ," ಎಂದ.

ದಸ್ತಗೀರ ಕಡ್ಡಿಯಿಂದ ನೆಲ ಗೀರಿದ. "ಇವ್ರು ಮಾಡ್ಲಿಕತ್ತಾರಲ್ಲ ಕಾಕಾ, ಹಾಂಗ ಏನೂ ಇರಲಿಲ್ಲ. ಯಾರೂ ಚೀರಲಿಲ್ಲ, ಯಾರೂ ಬಂದು ಎದುರಿಗೆ ನಿಂದ್ರಲಿಲ್ಲ. ನಸಿಕಿನ್ಯಾಗ ಖಚ್ಚರಕ್ಕ ನೀರು ಕುಡಿಸ್ಲಿಕತ್ತಿದ್ವಿ, ಹೊಳಿ ದಂಡಿಗೆ. ಗೋಲಿ ಎಲ್ಲಿಂದ ಬಂತೋ. ಅವ ಕುಂತ, 'ಲಗಾಮ ಹಿಡಿ, ಖಚ್ಚರ ಹೊಂಟದ' ಅಂದ. ನಾ ಖಚ್ಚರ ಹಿಡ್ಕೊಂಡು ತಿರುಗಿ ನೋಡ್ತೀನಿ, ಮುಗದಿತ್ತು. ಉಳಿದ ಖಚ್ಚರ ಇನ್ನಾ ನೀರು ಕುಡೀಲಿಕತ್ತಿದ್ವು."

"ಆಮ್ಯಾಲ?"

"ಅವ ಹಾದಿ ತುಂಬಾ ಹೇಳ್ತಿದ್ದ ಕಾಕಾ, ನಮ್ಮವ್ರು ಕುಂದ್ರಿಸ್ತಾರ, ನಿಮ್ಮಾಂಗ ಅಲ್ಲ ಅಂತ. ನನಗ ನೆನಪಿತ್ತು. ನಾನೇ ಕುಣಿ ತೋಡಿದೆ. ಮೊಣಕಾಲ ಮಟ ತೋಡೂದ್ರಾಗ ನೀರು ಬಂತು. ಬ್ಯಾರೆ ಕಡಿ ತೋಡಿದೆ, ಅಲ್ಲೂ ನೀರು. ಆ ನೆಲ ಹಾಂಗದ, ಎಲ್ಲಿ ಕೆದರಿದ್ರೂ ನೀರೇ. ಕುಂದ್ರಿಸಿದ್ರ ತಲಿ ಮ್ಯಾಲ ಉಳೀತಿತ್ತು. ನರಿ ಭಾಳ ಇದ್ವು." ಅವನು ನಿಲ್ಲಿಸಿದ. "ಮಲಗಿಸ್ದೆ ಕಾಕಾ. ಲಿಂಗ ಕೈಯಾಗ ಇಟ್ಟು ಮುಷ್ಟಿ ಕಟ್ಟಿದೆ. ಇದನ್ನ ನಿಮಗ ಹ್ಯಾಂಗ ಹೇಳ್ಲಿ ಅಂತ ನಾ ಹೇಳಲಿಲ್ಲ. ನೀವೂ ಕೇಳಲಿಲ್ಲ."

ಕಲ್ಯಾಣಪ್ಪ ಅಳಲಿಲ್ಲ. ಇಷ್ಟು ವರ್ಷ ಅಂಜಿದ್ದ ಮಾತು ಬಂದೇ ಬಿಟ್ಟಿತ್ತು, ಬಂದು ಪಕ್ಕದಲ್ಲಿ ಕೂತಿತ್ತು, ಅದರ ಮುಖ ಅವನು ಅಂಜಿದಷ್ಟು ಕೆಟ್ಟದಾಗಿರಲಿಲ್ಲ. ಆದರೆ ಮಗ ಅಷ್ಟು ದೂರದಲ್ಲಿ, ಒದ್ದೆ ಮಣ್ಣಿನಲ್ಲಿ, ಒಬ್ಬನೇ ಮಲಗಿದ್ದ. ಭಾಗಮ್ಮನಿಗೆ ಹೇಳಬೇಕು. ಯಾವ ಬಾಯಲ್ಲಿ ಹೇಳಬೇಕು ಎಂದು ಯೋಚಿಸುವಷ್ಟರಲ್ಲಿ ತುತ್ತೂರಿ ಕೂಗಿತು.

ಮಧ್ಯಾಹ್ನದ ಕಾಳಗಕ್ಕೆ ಯಾರಿಗೂ ಉಮೇದು ಇರಲಿಲ್ಲ. ಆದರೂ ದೂಳು ಎದ್ದಿತು, ತೋಪು ಹೊಗೆ ಬಿಟ್ಟಿತು, ಬೀಗರು ಮತ್ತೊಮ್ಮೆ ಒಬ್ಬರನ್ನೊಬ್ಬರು ಚುಚ್ಚಿಕೊಂಡರು. ಈ ಸಲ ದಸ್ತಗೀರನೂ ಕುದುರೆಯಿಂದ ಬೀಳಬೇಕಿತ್ತು. ಕೋಟೆಯ ಬಾಗಿಲ ಬಳಿ ಉರುಳಿ ಮುಖ ಮಣ್ಣಿಗೆ ಹಾಕಿ ಬಿದ್ದ. ಒಬ್ಬೊಬ್ಬರಾಗಿ ಎಲ್ಲರೂ ಬಿದ್ದು, ಬಯಲಲ್ಲಿ ಕಲ್ಯಾಣಪ್ಪನೊಬ್ಬನೇ ನಿಂತುಳಿದ. ಅವನು ಕೂತರೆ ಇವರೂ ಎದ್ದು ಕೂರುವವರೇ. ಮಾಸ್ತರರು ಅವನನ್ನೇ ನೋಡಿದರು.

ಅವನು ಮೊಣಕಾಲೂರಿದ. ಮೈ ಮತ್ತೆ ಕೂರಲು ಹೊರಟಿತು. ಮಗ ಅಲ್ಲಿ ಮಲಗಿರುವಾಗ ನಾನು ಇಲ್ಲಿ ಕೂತರೆ ಅವನನ್ನು ಹೊರಗೆ ಹಾಕಿದ ಹಾಗೆ, ಎಂದುಕೊಂಡ. ನೆಲಕ್ಕೆ ಕೈಯೂರಿ ಮೆಲ್ಲಗೆ ಒರಗಿದ, ಬೆನ್ನು ಚೆಲ್ಲಿದ, ಕಾಲು ಚಾಚಿದ, ಅಂಗಾತ ಮಲಗಿದ. ಮಣ್ಣು ಬಿಸಿಯಾಗಿತ್ತು. ಮೇಲೆ ದೂಳು ಬಂಗಾರದ ಬಣ್ಣಕ್ಕೆ ತಿರುಗಿ ತೇಲುತ್ತಿತ್ತು, ಅದರಾಚೆ ಆಕಾಶ ಬಹಳ ದೂರ, ಬಹಳ ಸದ್ದಿಲ್ಲದೆ ಇತ್ತು. ಹೀಗೆ ಇಷ್ಟೊಂದು ಆಕಾಶ ಕಾಣುತ್ತದೆಂದು ಅವನಿಗೆ ಗೊತ್ತಿರಲಿಲ್ಲ. ಎಡಗೈ ಎದೆಯ ಮೇಲಿನ ಲಿಂಗದ ಕರಡಿಗೆಯನ್ನು ಹುಡುಕಿ ಹಿಡಿದು ಮುಷ್ಟಿ ಕಟ್ಟಿತು.

ಗೋಡೆಯ ಮೇಲೆ ಭಾಗಮ್ಮ ಎದ್ದು ನಿಂತಳು. ಗಂಡ ಮಲಗಿದ್ದನ್ನು ನೋಡಿದಳು, ಮುಷ್ಟಿ ಕಟ್ಟಿದ್ದನ್ನು ನೋಡಿದಳು. ಇಷ್ಟು ವರ್ಷ ಅವಳು ಕೇಳಿದ್ದಕ್ಕೆ ಉತ್ತರ ಅಲ್ಲಿ ಅಂಗಾತ ಬಿದ್ದಿತ್ತು. ಒಡೆದ ಮೆಟ್ಟಿಲು ಇಳಿದು, ಯಾರ ಕೂಗಿಗೂ ಕಿವಿಗೊಡದೆ, ಬಿದ್ದ ಸೈನಿಕರ ನಡುವೆ ಕಾಲಿಗೆ ಜಾಗ ಮಾಡಿಕೊಂಡು ಬಯಲಿಗೆ ಬಂದಳು. ಹಿಡಿಕೆ ತಿರುವುವವನು ರಾಯರ ಕಡೆ ನೋಡಿದ. ರಾಯರು ನಿಲ್ಲಿಸು ಎನ್ನಲಿಲ್ಲ. ಅವಳ ಸೀರೆ ಆ ಕಾಲದ್ದಲ್ಲ, ಕೈಯ ಹಸಿರು ಬಳೆ ಆ ಕಾಲದ್ದಲ್ಲ ಎಂದು ಮಾಸ್ತರರಿಗೆ ಗೊತ್ತಿತ್ತು. ಅವರೂ ಏನೂ ಅನ್ನಲಿಲ್ಲ.

ಅವಳು ಗಂಡನ ತಲೆಯ ಹತ್ತಿರ ಕೂತಳು.

"ಹಿಂಗ ಮಲಗಿಸ್ಯಾರೇನು?"

"ಹೂಂ," ಎಂದ ಕಲ್ಯಾಣಪ್ಪ, ಕಣ್ಣು ಆಕಾಶದಿಂದ ತೆಗೆಯದೆ. "ಕುಣ್ಯಾಗ ನೀರು ಬಂತಂತ."

ಭಾಗಮ್ಮ ಮಣ್ಣಿನ ಮೇಲೆ ಒಮ್ಮೆ ಕೈಯಾಡಿಸಿದಳು. ಮಲಗಿದವನ ತಲೆ ಬರಿ ನೆಲದ ಮೇಲಿತ್ತು. ಅದನ್ನೇ ನೋಡಿದಳು.

"ತಲಿ ಕೆಳಗ ಏನರ ಇಟ್ಟಿದ್ರಂತೇನು?"

ಅದನ್ನು ಕೇಳಬೇಕೆಂದು ಕಲ್ಯಾಣಪ್ಪನಿಗೆ ಹೊಳೆದೇ ಇರಲಿಲ್ಲ. ತಾಯಿಯಾದವಳಿಗೆ ಮಾತ್ರ ಹೊಳೆಯುವ ಮಾತು ಅದು.

ಪಕ್ಕದಲ್ಲಿ ಮುಖ ಮಣ್ಣಿಗೆ ಹಾಕಿ ಸತ್ತು ಬಿದ್ದಿದ್ದ ದಸ್ತಗೀರ ಕದಲದೆ ಅಂದ, "ನನ್ನ ತಲಿ ಪಟಕಾ ಬಿಚ್ಚಿ ಮಡಚಿ ಇಟ್ಟೀನಿ, ಅವ್ವಾ. ಅವನ ತಲಿ ನೆಲಕ್ಕ ಹತ್ತಿಲ್ಲ."

ಭಾಗಮ್ಮ ಗಂಡನ ತಲೆಯನ್ನು ಎತ್ತಿ ತೊಡೆಯ ಮೇಲೆ ಇಟ್ಟುಕೊಂಡು ಅಳತೊಡಗಿದಳು. ಕ್ಯಾಮರಾದ ಹಿಡಿಕೆ ಒಂದೇ ಸಮ ತಿರುಗುತ್ತಿತ್ತು. ರಾಯರು ತುತ್ತೂರಿಯನ್ನು ಕೆಳಗಿಟ್ಟರು.